ಮ್ಯಾನ್ಮಾರ್ ಸೇನಾಡಳಿತವನ್ನು ಭಾರತ ಯಾಕೆ ಗಟ್ಟಿಯಾಗಿ ಖಂಡಿಸುವುದಿಲ್ಲ? ಚೀನಾ ಭಯವೇ?

ಚೀನಾ ಭಯ ಇದೆ, ಆದರೆ ಅದೊಂದೇ ಅಲ್ಲ.

ಹಿಂದೊಮ್ಮೆ ಭಾರತ ಖಂಡಿಸಿತ್ತು. 1988ರಲ್ಲಿ ಅಲ್ಲಿನ ವಿದ್ಯಾರ್ಥಿಗಳು ಬೀದಿಗಿಳಿದಾಗ ದಿಲ್ಲಿ ಅವರ ಪರ ನಿಂತಿತು, ಓಡಿಬಂದವರಿಗೆ ಆಸರೆ ಕೊಟ್ಟಿತು. ಆಕಾಶವಾಣಿಯ ಬರ್ಮೀ ಭಾಷೆಯ ಪ್ರಸಾರ ಜನರಲ್‌ಗಳನ್ನು ನೇರವಾಗಿ ಟೀಕಿಸುತ್ತಿತ್ತು. ಆದರೆ ಅದೇ ಹೊತ್ತಿಗೆ ಚೀನಾ ಆ ಸೇನೆಗೆ ಶಸ್ತ್ರಾಸ್ತ್ರ ಮಾರತೊಡಗಿತು. ಇತ್ತ ನಮ್ಮ ಈಶಾನ್ಯದ ಬಂಡುಕೋರರು ಗಡಿಯಾಚೆಯ ಕಾಡಿನಲ್ಲಿ ಬೀಡುಬಿಟ್ಟಿದ್ದರು. 1,643 ಕಿ.ಮೀ. ಉದ್ದದ ಗಡಿ ಅದು, ಬಹುಪಾಲು ಬೆಟ್ಟ, ಕಾಡು. ಹಾಗಾಗಿ 90ರ ದಶಕದಲ್ಲಿ ದಿಲ್ಲಿ ನೀತಿ ಬದಲಿಸಿ ಜನರಲ್‌ಗಳ ಜೊತೆ ಮಾತಿಗೆ ಕೂತಿತು. ಆಗಿನ ಮಟ್ಟಿಗೆ ಅದು ತಪ್ಪೆಂದು ನಾನು ಹೇಳಲಾರೆ. ಪಶ್ಚಿಮದ ದೇಶಗಳ ನಿರ್ಬಂಧಗಳಿಗೂ ಆ ಸೇನೆ ಸುಲಭಕ್ಕೆ ಬಗ್ಗಲಿಲ್ಲ.

ನನ್ನ ತಕರಾರು ಇರುವುದು 2021ರ ನಂತರದ್ದರ ಬಗ್ಗೆ. ಫೆಬ್ರವರಿ 1ರಂದು ಸೇನೆ ಅಧಿಕಾರ ಕಿತ್ತುಕೊಂಡಿತು. ಮಾರ್ಚ್ 27ರ ಸೇನಾ ದಿನದ ಪೆರೇಡಿಗೆ ಭಾರತದ ಪ್ರತಿನಿಧಿಯೂ ಹೋಗಿದ್ದರು. ಅಂದೇ ಸೈನಿಕರ ಗುಂಡಿಗೆ ನೂರಕ್ಕೂ ಹೆಚ್ಚು ಜನ ಸತ್ತರು. 2022ರ ಡಿಸೆಂಬರ್‌ನಲ್ಲಿ ಭದ್ರತಾ ಮಂಡಳಿಯಲ್ಲಿ ಹಿಂಸೆ ನಿಲ್ಲಿಸಿ ಎಂಬ ನಿರ್ಣಯ ಬಂದಾಗ ಮತ ಹಾಕದೆ ಉಳಿದವು ಮೂರೇ ದೇಶ: ಚೀನಾ, ರಷ್ಯಾ, ಭಾರತ. ಚೀನಾಕ್ಕೆ ಹೆದರಿ ಹಿಡಿದ ದಾರಿ ಕೊನೆಗೆ ನಮ್ಮನ್ನು ಅದರ ಪಕ್ಕದಲ್ಲೇ ತಂದು ನಿಲ್ಲಿಸಿತು.

ಹೋಗಲಿ, ಭದ್ರತೆಯಾದರೂ ಸಿಕ್ಕಿತೇ? ಮ್ಯಾನ್ಮಾರ್ ಮೂಲಕ ಈಶಾನ್ಯಕ್ಕೆ ಸರಕು ಸಾಗಿಸಲು ಭಾರತ ಹಣ ಹಾಕಿದ ಕಲಾದಾನ್ ಯೋಜನೆಯನ್ನೇ ನೋಡಿ. ಕೋಲ್ಕತ್ತಾದಿಂದ ಸಮುದ್ರದ ಮೇಲೆ ಸಿಟ್ವೆ ಬಂದರು, ಅಲ್ಲಿಂದ ಕಲಾದಾನ್ ನದಿಯಲ್ಲಿ ಪಲೆಟ್ವಾ, ಆಮೇಲೆ ರಸ್ತೆಯಲ್ಲಿ ಮಿಜೋರಾಂ. 2008ರಲ್ಲಿ ಒಪ್ಪಂದವಾಯಿತು, ಬಂದರು ಶುರುವಾದದ್ದು 2023ರಲ್ಲಿ. ಮರುವರ್ಷ ಜನವರಿಯಲ್ಲೇ ಪಲೆಟ್ವಾ, ಮ್ಯಾನ್ಮಾರ್ ಸೇನೆಯ ವಿರುದ್ಧ ಹೋರಾಡುವ ಬಂಡುಕೋರ ಪಡೆ ಅರಕಾನ್ ಆರ್ಮಿಯ ಕೈಸೇರಿತು. ನಾವು ಯಾರನ್ನು ನಂಬಿ ದುಡ್ಡು ಸುರಿದೆವೋ ಆ ಸೇನೆಗೇ ಅಲ್ಲಿ ಹಿಡಿತವಿಲ್ಲ. ಗಡಿಯಾಚೆ ಈಗ ಯಾರ ಕೈ ಮೇಲಾಗಿದೆಯೋ ಅವರೆಲ್ಲರೊಂದಿಗೂ ಮಾತಾಡದೆ ಗತ್ಯಂತರವಿಲ್ಲ.

ಈ ವಿಷಯದಲ್ಲಿ ನನಗೆ ದಿಲ್ಲಿಗಿಂತ ಮಿಜೋರಾಂ ಮೇಲೆ ಗೌರವ. ಸೇನೆಗೆ ಹೆದರಿ ಗಡಿಯ ತಿಯಾವ್ ಹೊಳೆ ದಾಟಿಬಂದ ಮ್ಯಾನ್ಮಾರ್‌ನ ಚಿನ್ ಜನ ಮಿಜೋಗಳಿಗೆ ರಕ್ತಸಂಬಂಧಿಗಳು. ಒಳನುಸುಳುವಿಕೆ ತಡೆಯಿರಿ ಎಂದು ಕೇಂದ್ರ ಹೇಳಿದರೂ ಅಲ್ಲಿನ ಚರ್ಚುಗಳು, ಯುವಕ ಸಂಘಗಳು ಅವರಿಗೆ ಅನ್ನ, ಸೂರು ಕೊಟ್ಟವು. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಮ್ಮದೇ ನಿರಾಶ್ರಿತರ ಕಾನೂನೂ ಇಲ್ಲ. ಹಾಗಾಗಿ ಕಾನೂನಿನ ಕಣ್ಣಿಗೆ ಅವರು ಅಕ್ರಮ ವಲಸಿಗರಷ್ಟೇ. ಅವರಿಗೊಂದು ಕಾನೂನಿನ ರಕ್ಷಣೆ ಕೊಡಲು ದಿಲ್ಲಿಗೆ ಯಾವ ಚೀನಾ ಅಡ್ಡ ಬರುತ್ತಿದೆ?