ಮಗನ ಶಿಸ್ತು ಕ್ರಮದ ಕಡತ ತಂದೆಗೆ ಸಿಗುವುದೇ?

ಪ್ರಶ್ನೆ: ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಓದುತ್ತಿರುವ ನನ್ನ 19 ವರ್ಷದ ಮಗನ ಮೇಲೆ ಹಾಸ್ಟೆಲಿನಲ್ಲಿ ಮದ್ಯ ಸೇವಿಸಿದ್ದಕ್ಕಾಗಿ ಶಿಸ್ತು ಕ್ರಮ ಜರುಗಿದೆಯೆಂದು ಅವನ ಗೆಳೆಯನಿಂದ ತಿಳಿಯಿತು. ವಿವರ ಕೇಳಿದರೆ ಕಚೇರಿಯವರು ಕೊಡಲೊಪ್ಪುತ್ತಿಲ್ಲ. ಶುಲ್ಕ ಕಟ್ಟುವವನು ನಾನಲ್ಲವೇ?

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ, ಆದರೆ ಶುಲ್ಕ ಕಟ್ಟಿದ ಮಾತ್ರಕ್ಕೆ ಕಡತ ನೋಡುವ ಹಕ್ಕು ಬರುವುದಿಲ್ಲ. ಅಲ್ಲಿನ 1974ರ ಕೌಟುಂಬಿಕ ಶಿಕ್ಷಣ ಹಕ್ಕು ಮತ್ತು ಖಾಸಗಿತನ ಕಾಯಿದೆಯ ಪ್ರಕಾರ, ವಿದ್ಯಾರ್ಥಿಗೆ 18 ತುಂಬಿದಾಗ, ಅಥವಾ ಅದಕ್ಕೂ ಮೊದಲೇ ಕಾಲೇಜು ಸೇರಿದಾಗ, ಶೈಕ್ಷಣಿಕ ದಾಖಲೆಗಳ ಮೇಲಿನ ಹಕ್ಕು ಹೆತ್ತವರಿಂದ ಅವನಿಗೇ ವರ್ಗಾವಣೆಯಾಗುತ್ತದೆ. ಶಿಸ್ತು ಕ್ರಮದ ಕಡತವೂ ಸಾಮಾನ್ಯವಾಗಿ ಇದರಲ್ಲೇ ಸೇರುತ್ತದೆ.

ನಿಮಗೆ ಸಂಬಂಧಿಸಿದ ವಿನಾಯಿತಿಯೊಂದು 1998ರ ತಿದ್ದುಪಡಿಯಲ್ಲಿದೆ: 21 ತುಂಬದ ವಿದ್ಯಾರ್ಥಿ ಮದ್ಯ ಅಥವಾ ಮಾದಕ ವಸ್ತುವಿನ ನಿಯಮ ಮುರಿದನೆಂದು ಸಂಸ್ಥೆ ತೀರ್ಮಾನಿಸಿದ್ದರೆ ಹೆತ್ತವರಿಗೆ ತಿಳಿಸಬಹುದು. ‘ತಿಳಿಸಬಹುದು’ ಎಂಬುದನ್ನು ಗಮನಿಸಿ. ತಿಳಿಸಲೇಬೇಕೆಂದು ಕಾಯಿದೆ ಹೇಳುವುದಿಲ್ಲ, ಆದ್ದರಿಂದ ಒಂದು ಸಂಸ್ಥೆ ಮೊದಲ ತಪ್ಪಿಗೇ ಪತ್ರ ಬರೆದರೆ ಇನ್ನೊಂದು ಮೌನವಾಗಿರುತ್ತದೆ. ಪ್ರಾಣಾಪಾಯದ ತುರ್ತಿನಲ್ಲೂ ತಿಳಿಸಲು ಅವಕಾಶವುಂಟು. ಮಗ ಹೆತ್ತವರ ಅವಲಂಬಿತನಾಗಿದ್ದರೆ ಅವರಿಗೆ ದಾಖಲೆ ಕೊಡಬಹುದೆಂಬ ಇನ್ನೊಂದು ವಿನಾಯಿತಿಯೂ ಇದೆ, ಆದರೆ ಅದು ಅಲ್ಲಿನ ತೆರಿಗೆ ಕಾನೂನಿಗೆ ಸಂಬಂಧಿಸಿದ್ದು. ಇಲ್ಲಿ ತೆರಿಗೆ ಕಟ್ಟುವ ನಿಮಗೆ ಅದು ಒದಗುವುದು ಕಷ್ಟ.

ಗೆಳೆಯನ ಮಾತನ್ನು ಹಿಡಿದು ಕಚೇರಿಯ ಬೆನ್ನು ಹತ್ತುವುದಕ್ಕಿಂತ, ಗದರದೆ, ನೇರವಾಗಿ ಮಗನನ್ನೇ ಕೇಳುವುದು ಲೇಸೆಂದು ನನ್ನ ಅಭಿಪ್ರಾಯ. ಅವನು ಒಪ್ಪಿದರೆ ಯಾವ ದಾಖಲೆಯನ್ನು, ಯಾರಿಗೆ, ಯಾವ ಉದ್ದೇಶಕ್ಕೆ ಕೊಡಬಹುದೆಂದು ಬರೆದು, ಸಹಿ ಹಾಗೂ ದಿನಾಂಕ ಹಾಕಿದ ಒಪ್ಪಿಗೆ ಪತ್ರವನ್ನು ಕಚೇರಿಗೆ ಸಲ್ಲಿಸಲಿ.