ಹೊಳವಿಗಾಗಿ ಕಾದು ಕುಳಿತವರು

ವಿದೇಶದ ಕಡಲೂರುಗಳಿಂದ ವಿಡಿಯೊ ಕರೆಯಲ್ಲಿ ಮಾತನಾಡುವ ನಮ್ಮ ಕಡೆಯ ಹೆಣ್ಣುಮಕ್ಕಳ ಬಾಯಲ್ಲಿ ‘ಇಲ್ಲಿಯ ಹವಾ ನನಗೆ ಆಗಿಬರುತ್ತಿಲ್ಲ’ ಎಂಬ ಮಾತನ್ನು, ಮನಸ್ಸಿನ ತೊಂದರೆಗಳಿಗೆ ಸಲಹೆ ಕೊಡುವ ನಾನು ಧಾರವಾಡದಲ್ಲಿ ಕುಳಿತು ಮತ್ತೆ ಮತ್ತೆ ಕೇಳುತ್ತಿದ್ದೇನೆ. ಅಂಥ ಒಂದು ಪ್ರಕರಣವನ್ನು, ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಹತ್ತದಂತೆ ವಿವರಗಳನ್ನು ಬದಲಿಸಿ ಇಲ್ಲಿ ಬರೆದಿದ್ದೇನೆ.

ಆಕೆ ಗದಗ ಜಿಲ್ಲೆಯ ಒಕ್ಕಲುತನದ ಮನೆಯವರು. 2024ರ ಏಪ್ರಿಲ್‌ನಲ್ಲಿ ಗಂಡನ ನೌಕರಿಯ ನಿಮಿತ್ತ ಮೂರು ವರ್ಷದ ಮಗನೊಂದಿಗೆ ಐರ್ಲೆಂಡಿನ ಪಶ್ಚಿಮ ಕರಾವಳಿಯ ಗಾಲ್ವೆಗೆ ಹೋದರು. ಆಗಸ್ಟ್‌ನಲ್ಲಿ ನನ್ನನ್ನು ಸಂಪರ್ಕಿಸಿದಾಗ ಎದೆಯಲ್ಲಿ ಸದಾ ತಳಮಳ, ಸಣ್ಣ ಮಾತಿಗೂ ಕಣ್ಣೀರು. ಋತುಮಾನದ ಖಿನ್ನತೆ ಇರಬಹುದೇ ಎಂದು ನಾನು ಮೊದಲು ವಿಚಾರಿಸಿದೆ. ಚಳಿಗಾಲದಲ್ಲಿ ಹಗಲು ಕುಗ್ಗಿದಂತೆ ಮನಸ್ಸು ಕುಗ್ಗುವುದು, ಅತಿಯಾದ ನಿದ್ದೆ, ಸಿಹಿತಿಂಡಿಯ ಹಂಬಲ ಅದರ ಲಕ್ಷಣಗಳು. ಅಂಥವರು ವೈದ್ಯರನ್ನು ಕಾಣಲೇಬೇಕು, 10,000 ಲಕ್ಸ್‌ ತೀವ್ರತೆಯ ದೀಪದ ಬೆಳಕಿನ ಚಿಕಿತ್ಸೆಯಿಂದ ಅನೇಕರಿಗೆ ಗುಣ ಸಿಗುತ್ತದೆ. ಆದರೆ ಇವರ ತಳಮಳ ಹುಟ್ಟಿದ್ದು ಜೂನ್‌ನಲ್ಲಿ, ಅಲ್ಲಿ ಹಗಲು ಸುಮಾರು 17 ತಾಸು ಇರುವ ಕಾಲದಲ್ಲಿ. ಕೊರತೆ ಬೆಳಕಿನದಲ್ಲ ಎಂಬುದು ಅಲ್ಲಿಗೆ ಖಾತ್ರಿಯಾಯಿತು.

ಮೂರನೆಯ ಭೇಟಿಯ ನಡುವೆ ಆಕೆ ಎದ್ದು ಹೋಗಿ ಹಿತ್ತಲ ತಂತಿಯ ಮೇಲಿನ ಬಟ್ಟೆಗಳನ್ನು ಒಳತಂದರು. ಬಿಸಿಲು ಬಿತ್ತೆಂದು ಮತ್ತೆ ಹರವಿ ಬಂದರು. ಹತ್ತು ನಿಮಿಷಕ್ಕೆ ಇನ್ನೊಮ್ಮೆ ಎದ್ದರು. ಈ ಸಲ ಮರಳಿದಾಗ ಮಗನ ಒದ್ದೆ ಅಂಗಿ ಕೈಯಲ್ಲೇ ಇತ್ತು, ಅದರ ತೋಳನ್ನು ಹಿಂಡುತ್ತ ಕುಳಿತರು. ಪಕ್ಕದ ಮನೆಯಾಕೆ ಕಡಲದಂಡೆಗೆ ನಡೆಯಲು ನಾಲ್ಕು ಬಾರಿ ಕರೆದರೂ ಮೊಬೈಲಿನಲ್ಲಿ ಮೋಡದ ಚಿತ್ರ ಕಂಡು ಒಲ್ಲೆ ಎಂದದ್ದನ್ನು ಹೇಳಿದರು. ಊರಲ್ಲಿ ಮಳೆ ಬಂದರೆ ಏನು ಮಾಡುತ್ತಿದ್ದಿರಿ ಎಂದು ನಾನು ಕೇಳಿದೆ.

‘ಹೊಳವಾಗೂ ಮಟಾ ಪಡಸಾಲ್ಯಾಗ ಕುಂದರ್ತಿದ್ವಿರಿ. ಹೊರಗ ಹೋದ್ರ ಅವ್ವ ಬೈತಿದ್ಲು.’ ಬಹಳ ಹೊತ್ತು ಅಂಗಿಯನ್ನೇ ನೋಡಿ ಮುಂದುವರಿಸಿದರು: ‘ಮೇಡಂ, ಇಲ್ಲೂ ನಾ ಹಂಗ ಕುಂತೀನ್ರಿ. ಏಪ್ರಿಲ್‌ನಾಗ ಕುಂತಾಕಿ ಇನ್ನೂ ಎದ್ದಿಲ್ಲ.’

ನನ್ನ ಸಲಹೆಯೆಲ್ಲ ಈ ಮಾತಿನಿಂದಲೇ ಹುಟ್ಟಿತು. ಅವರ ಅವ್ವ ಹೇಳಿದ್ದು ಸುಳ್ಳಲ್ಲ. ರೋಹಿಣಿ, ಮೃಗಶಿರಾ ಎಂದು ಮಳೆಗೆ ಹೆಸರಿಟ್ಟು ದಿನ ಎಣಿಸುವ ಎರೆಭೂಮಿಯಲ್ಲಿ, ಮಧ್ಯಾಹ್ನ ಕವಿದ ಮೋಡ ಗುಡುಗಿ ಸುರಿದು ಸಂಜೆಗೆ ಮಳೆ ನಿಂತು ಹೊಳವಾಗುವಾಗ, ಕಾಲಿಗೆ ಹತ್ತುವ ಕೆಸರಿನಲ್ಲಿ ಹೋಗುವುದಕ್ಕಿಂತ ಕಾಯುವುದೇ ವಿವೇಕ. ಆದರೆ ಅಟ್ಲಾಂಟಿಕ್ ಸಾಗರದಿಂದ ಒಂದರ ಬೆನ್ನಿಗೊಂದು ಬರುವ ವಾಯುಭಾರ ಕುಸಿತಗಳಿಗೆ ಮೊದಲು ಎದುರಾಗುವ ಗಾಲ್ವೆಯ ದಂಡೆಯಲ್ಲಿ ತುಂತುರು, ಬಿಸಿಲು, ಗಾಳಿ ಒಂದೇ ತಾಸಿನಲ್ಲಿ ಬಂದುಹೋಗುತ್ತವೆ. ಅಲ್ಲಿ ಹೊಳವಿಗೆ ಕಾಯುವವರು ವರ್ಷವಿಡೀ ಕಾಯಬೇಕಾಗುತ್ತದೆ. ಆದ್ದರಿಂದ ವಾರಕ್ಕೆ ಮೂರು ದಿನ, ಗಡಿಯಾರ ನೋಡಿ ನಿಗದಿ ಮಾಡಿದ ವೇಳೆಗೆ, ಮಗನಿಗೂ ತಮಗೂ ರೇನ್‌ಕೋಟು ತೊಟ್ಟು, ಅರ್ಧ ತಾಸು ಹೊರಗೆ ಹೋಗಬೇಕೆಂದೂ, ಹವಾಮಾನವನ್ನು ದಿನಕ್ಕೆ ಎರಡೇ ಸಲ ನೋಡಬೇಕೆಂದೂ ತಿಳಿಸಿದೆ. ಅಲ್ಲಿಯ ಹವಾಮಾನ ಇಲಾಖೆ ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಕೊಟ್ಟ ದಿನ ಮಾತ್ರ ಹೊಸ್ತಿಲು ದಾಟಕೂಡದೆಂದು ಅಂದೇ ಬರೆದುಕೊಟ್ಟೆ.

2025ರ ಜನವರಿ 24ರಂದು ಎಯೊವಿನ್ ಚಂಡಮಾರುತ ಬಂದು, ಗಾಲ್ವೆ ಜಿಲ್ಲೆಯ ಮೇಸ್ ಹೆಡ್‌ನಲ್ಲಿ ಗಾಳಿಯ ಹೊಡೆತ ಗಂಟೆಗೆ 180 ಕಿ.ಮೀ. ಮೀರಿದಾಗ, ಆಕೆಯ ಅಣ್ಣ ಹುಬ್ಬಳ್ಳಿಯಿಂದ ಕರೆಮಾಡಿ, ಇಂಥ ಊರಿನಲ್ಲಿ ಹೆಣ್ಣುಮಗಳಿಗೆ ಹೊರಗೆ ತಿರುಗಾಡಲು ಹೇಳಿದ್ದೀರಲ್ಲ, ವಾಪಸ್ ಬಾ ಎನ್ನಬಾರದಿತ್ತೇ ಎಂದು ಸಿಟ್ಟಾದರು. ಅವರ ಕಳವಳ ನನಗೆ ಅರ್ಥವಾಗುತ್ತದೆ. ಆದರೆ ಇಡೀ ದೇಶಕ್ಕೆ ಕೆಂಪು ಎಚ್ಚರಿಕೆಯಿದ್ದ ಆ ದಿನ ಅವರ ತಂಗಿ ಕಿಟಕಿ ಭದ್ರಮಾಡಿ ಮನೆಯಲ್ಲೇ ಇದ್ದರು, ಹಿಂದಿನಂತೆ ಅಳಲಿಲ್ಲ. ತುಂತುರಿಗೂ ಬಿರುಗಾಳಿಗೂ ಒಂದೇ ಅಂಜಿಕೆ ಪಡುತ್ತಿದ್ದವರಿಗೆ ಎರಡರ ಅಂತರ ತಿಳಿದಿತ್ತು. ಮರಳಿ ಬರುವುದು ಬಿಡುವುದು ಅವರ ನಿರ್ಧಾರ; ಅದನ್ನು ಅಂಜಿಕೆಯಲ್ಲಿದ್ದಾಗ ಮಾಡಬಾರದೆಂಬುದೊಂದೇ ನನ್ನ ಹಟವಾಗಿತ್ತು.

ಗಾಲ್ವೆಯ ಸಾಲ್ಟ್‌ಹಿಲ್‌ನ ಕಡಲದಂಡೆಯುದ್ದಕ್ಕೂ ನಡೆದವರು ಕೊನೆಯ ಗೋಡೆಗೆ ಕಾಲಿನಿಂದ ಒದ್ದು ತಿರುಗುವ ರೂಢಿ ಅಲ್ಲಿದೆ. ಮಾರ್ಚ್‌ನಲ್ಲಿ ಆಕೆ ಅಲ್ಲಿಂದ ಧ್ವನಿಸಂದೇಶ ಕಳಿಸಿದರು. ಗಾಳಿಯ ಸದ್ದಿನಲ್ಲಿ ಅರ್ಧ ಕೇಳಲಿಲ್ಲ. ಮಗ ಎರಡು ಸಲ ಒದ್ದನೆಂದೂ ಬೂಟಿನಲ್ಲಿ ನೀರು ತುಂಬಿದೆಯೆಂದೂ ಹೇಳಿದ ಮೇಲೆ ಒಂದು ಮಾತು ಸ್ಪಷ್ಟವಾಗಿ ಕೇಳಿಸಿತು: ‘ಬಟ್ಟಿ ತಂತಿ ಮ್ಯಾಲನ ಬಿಟ್ಟ ಬಂದೀನ್ರಿ, ಮೇಡಂ.’