ಪ್ರತಿಕ್ರಿಯೆ: ಮೇ ತಿಂಗಳಲ್ಲಿ ಶಿವನಸಮುದ್ರದಲ್ಲಿ ನೀರಿರುತ್ತಾ?

ಮಕ್ಕಳು, ವಯಸ್ಸಾದ ತಾಯಿ ಜೊತೆ ಮೇನಲ್ಲಿ ಮೂರು ದಿನ ಮೈಸೂರಿಗೆ ಬರ್ತೀವಿ, ಜಲಪಾತಕ್ಕೂ ಹೋಗಬಹುದಾ ಅಂತ ಕೇಳಿದ್ದೀರಿ. ಹೋಗಿ ಸರ್, ಆದ್ರೆ ಫೋಟೋದಲ್ಲಿ ಕಾಣೋ ಭೋರ್ಗರೆತ ಸಿಗಲ್ಲ. ಅದು ಜುಲೈನಿಂದ ಅಕ್ಟೋಬರ್‌ವರೆಗಿನ ಚಿತ್ರ. ಬೇಸಿಗೆಯಲ್ಲಿ ಕಾವೇರಿ ಹರಿವೇ ಕಮ್ಮಿ, ಇರೋ ನೀರಲ್ಲೂ ಒಂದಷ್ಟು 1902ರಿಂದ ನಡೀತಿರೋ ವಿದ್ಯುತ್ ಕೇಂದ್ರದ ನಾಲೆಗೆ ತಿರುಗುತ್ತೆ. ಬಂಡೆ ಮೇಲೆ ನಾಲ್ಕೈದು ಬಿಳಿ ಎಳೆ ಕಂಡರೂ ಪುಣ್ಯ.

ಬನ್ನೂರು, ಮಳವಳ್ಳಿ ಮೇಲೆ ಹೋದ್ರೆ ಸುಮಾರು 80 ಕಿ.ಮೀ. ಬೆಳಿಗ್ಗೆ ಏಳಕ್ಕೇ ಹೊರಡಿ. ಅಲ್ಲಿ ಇರೋದು ಎರಡು ಜಲಪಾತ. ಒಂದು ಗಗನಚುಕ್ಕಿ, ಅದನ್ನ ಮಳವಳ್ಳಿ ಕಡೆಯ ವೀಕ್ಷಣಾ ಸ್ಥಳದಿಂದಲೇ ನೋಡಿ, ಅಮ್ಮನಿಗೆ ಅದೇ ಸುಲಭ. ದರ್ಗಾ ಕಡೆಯಿಂದ ಬಂಡೆಗಳಿಗೆ ಇಳಿಯಲೇಬೇಡಿ. ಇನ್ನೊಂದು ಭರಚುಕ್ಕಿ, ಅಲ್ಲಿ ಮೆಟ್ಟಿಲು ಜಾಸ್ತಿ, ಇಳಿಯೋದಲ್ಲ ಕಷ್ಟ, ಬಿಸಿಲಲ್ಲಿ ಹತ್ತೋದು. ನೀರು ಶಾಂತವಾಗಿ ಕಂಡ್ರೂ ಮಕ್ಕಳನ್ನ ಇಳಿಸಬೇಡಿ, ಬಂಡೆ ಸಂದಿನ ಮಡು ಮೇಲಿಂದ ಗೊತ್ತಾಗಲ್ಲ.

ವಾಪಸ್ ಬರುವಾಗ ಸೋಮನಾಥಪುರ. ಹದಿಮೂರನೇ ಶತಮಾನದ ಹೊಯ್ಸಳ ದೇವಸ್ಥಾನ, ಜಲಪಾತ ಬತ್ತಿದ್ರೂ ಇದೊಂದಕ್ಕೇ ದಾರಿ ಸಾರ್ಥಕ. ಚಪ್ಪಲಿ ಹೊರಗೆ ಬಿಡಬೇಕು, ಮಧ್ಯಾಹ್ನ ಅಂಗಳದ ಕಲ್ಲು ಕಾದ ಹೆಂಚು! ಎಲ್ಲರಿಗೂ ದಪ್ಪ ಸಾಕ್ಸ್ ಇಟ್ಕೊಳ್ಳಿ.

ಊರೊಳಗೆ: ಭಾನುವಾರ ಸಂಜೆ ಏಳಕ್ಕೆ ಅರಮನೆ ದೀಪ ಹತ್ತುತ್ತೆ, ಮೂರು ದಿನದಲ್ಲಿ ಭಾನುವಾರ ಬರೋ ಹಾಗೆ ರೂಮ್ ಬುಕ್ ಮಾಡಿ. ಮೃಗಾಲಯಕ್ಕೆ ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ಹೋಗಿ, ಬಿಸಿಲೇರಿದ ಮೇಲೆ ಹುಲಿ ನೆರಳಲ್ಲಿ ಮಲಗಿರುತ್ತೆ, ಮಕ್ಕಳಿಗೆ ಬಾಲ ಮಾತ್ರ ಕಾಣೋದು. ಮಂಗಳವಾರ ಸಾಮಾನ್ಯವಾಗಿ ರಜೆ. ಚಾಮುಂಡಿ ಬೆಟ್ಟಕ್ಕೆ ಕಾರಲ್ಲೇ ಹೋಗಿ, ಸಾವಿರ ಮೆಟ್ಟಿಲು ಈ ಸಲ ಬೇಡ.